ಒಂದು ಕಪ್ಲರ್‌ಗಾಗಿ ಊರೆಲ್ಲ ಸುತ್ತಿ

ಅಮ್ಮನ ಮಿಕ್ಸಿಗೆ ಹದಿನಾಲ್ಕು ವರ್ಷ. ಇಷ್ಟು ವರ್ಷಗಳಲ್ಲಿ ಅದು ಎಷ್ಟು ತೆಂಗಿನಕಾಯಿ ರುಬ್ಬಿದೆಯೋ, ಎಷ್ಟು ಸೇರು ಸಾರಿನಪುಡಿ ಮಾಡಿದೆಯೋ ಲೆಕ್ಕವಿಟ್ಟವರಿಲ್ಲ. ಒಂದು ಶನಿವಾರ ಸಂಜೆ ಚಟ್ನಿಗೆಂದು ಗುಂಡಿ ತಿರುಗಿಸಿದಾಗ ಮೋಟರ್ ಜೋರಾಗಿ ತಿರುಗಿತು, ಜಾರ್‌ನೊಳಗಿನ ಬ್ಲೇಡು ಮಾತ್ರ ನಿಂತಲ್ಲೇ ನಿಂತಿತು. ಜಾರ್ ಎತ್ತಿ ನೋಡಿದರೆ, ಮೋಟರಿನ ನೆತ್ತಿಯ ಮೇಲೆ ಕುಳಿತಿರುವ ಅಂಗೈ ಗುಳಿಯಷ್ಟು ಚಿಕ್ಕದಾದ ಕಪ್ಪು ಚಕ್ರದ ಹಲ್ಲುಗಳೆಲ್ಲ ಸವೆದು ಹೋಗಿದ್ದವು. ಅಂಗಡಿಯವರ ಭಾಷೆಯಲ್ಲಿ ಅದರ ಹೆಸರು ಕಪ್ಲರ್.

ಇಷ್ಟೇ ತಾನೆ ಎಂದುಕೊಂಡು ಸೋಮವಾರ ಕಂಪನಿಯ ಸೇವಾಕೇಂದ್ರಕ್ಕೆ ಹೋದೆ. ಹವಾನಿಯಂತ್ರಿತ ಕೋಣೆ, ಟೋಕನ್ ಸಂಖ್ಯೆ, ಗೋಡೆಯ ಮೇಲೆ ನಗುವ ಗೃಹಿಣಿಯ ಚಿತ್ರ. ಮೇಜಿನ ಹಿಂದಿದ್ದ ಯುವಕ ಮಿಕ್ಸಿಯ ತಳಭಾಗದ ಚೀಟಿಯನ್ನು ಓದಿ, ಕಂಪ್ಯೂಟರಿನಲ್ಲಿ ಏನನ್ನೋ ಹುಡುಕಿ, ‘ಈ ಮಾಡೆಲ್ ನಿಂತುಹೋಗಿದೆ ಸಾರ್’ ಎಂದ. ಬೇರೆ ಮಾಡೆಲ್ಲಿನದು ಹೊಂದುತ್ತದೆಯೇ ಎಂದು ಕೇಳಿದೆ. ಬಿಡಿಭಾಗವನ್ನು ಕೈಗೆ ಕೊಡುವ ಪದ್ಧತಿ ಇಲ್ಲವೆಂದೂ, ಮಿಕ್ಸಿಯನ್ನು ಬಿಟ್ಟುಹೋದರೆ ತಪಾಸಣೆಗೆ 350 ರೂಪಾಯಿ ಶುಲ್ಕವೆಂದೂ, ಭಾಗ ಸಿಕ್ಕರೆ ಅದರ ಬೆಲೆ ಬೇರೆಯೆಂದೂ ವಿವರಿಸಿದ. ನಂತರ ದನಿ ತಗ್ಗಿಸಿ, ‘ಎಕ್ಸ್‌ಚೇಂಜ್ ಆಫರ್ ಇದೆ. ಇದಕ್ಕೆ ಐನೂರು ಹಿಡಿದುಕೊಳ್ಳುತ್ತೇವೆ’ ಎಂದ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆಯನ್ನು ಕಟ್ಟಿದವರು ಇಂತಹ ಕೋಣೆಯೊಂದರಿಂದ ಹೊರಬಂದೇ ಕಟ್ಟಿರಬೇಕು. ಆ ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನ ಸಂಬಳ ಯಾವುದರ ಮೇಲೆ ನಿಂತಿದೆಯೆಂಬುದು ಅವನ ಮುಖದಲ್ಲೇ ಬರೆದಿತ್ತು.

ಕಪ್ಲರ್ ಎಂಬುದು ಮುರಿಯಲೆಂದೇ ಇರುವ ಭಾಗ. ಮಿಕ್ಸಿಯ ಮೋಟರ್ ನಿಮಿಷಕ್ಕೆ ಹದಿನೆಂಟು ಇಪ್ಪತ್ತು ಸಾವಿರ ಸುತ್ತಿನ ವೇಗದಲ್ಲಿ ತಿರುಗುತ್ತದೆ. ಒಣಕೊಬ್ಬರಿಯ ಚೂರೊಂದು ಬ್ಲೇಡಿಗೆ ಸಿಕ್ಕಿ ಅದು ತಟಕ್ಕನೆ ನಿಂತರೆ, ಮೋಟರ್ ಸುಟ್ಟುಹೋಗುವ ಮೊದಲು ಈ ಮೆತ್ತನೆಯ ಹಲ್ಲುಗಳು ಸವೆದು ಅಥವಾ ಮುರಿದು ಮೋಟರನ್ನು ಉಳಿಸಬೇಕು. ವಿದ್ಯುತ್ ಮಂಡಲದಲ್ಲಿ ಫ್ಯೂಸ್ ಮಾಡುವ ಕೆಲಸವನ್ನೇ ಯಂತ್ರದಲ್ಲಿ ಇದು ಮಾಡುತ್ತದೆ. ಅಂದರೆ ಇದು ಒಂದಲ್ಲ ಒಂದು ದಿನ ಹೋಗುತ್ತದೆಂಬುದು ಮಿಕ್ಸಿಯನ್ನು ರೂಪಿಸಿದ ಎಂಜಿನಿಯರಿಗೆ ಮೊದಲ ದಿನವೇ ಗೊತ್ತಿರುತ್ತದೆ. ಬಿಚ್ಚಲು ಸುಲಭವಾಗಲೆಂದೇ ಅದನ್ನು ತಿರುಪಿನ ಮೇಲೆ ಕೂರಿಸಿರುತ್ತಾನೆ. (ಸಾಮಾನ್ಯವಾಗಿ ಮೋಟರ್ ತಿರುಗುವ ದಿಕ್ಕಿಗೇ ತಿರುಗಿಸಿದರೆ ಅದು ಬಿಚ್ಚಿಕೊಳ್ಳುತ್ತದೆ, ಗೊತ್ತಿಲ್ಲದವರು ವಿರುದ್ಧ ದಿಕ್ಕಿಗೆ ಬಲ ಹಾಕಿ ಇನ್ನಷ್ಟು ಬಿಗಿ ಮಾಡುತ್ತಾರೆ.) ಹೋಗುವುದೇ ಧರ್ಮವಾಗಿರುವ ಒಂದು ಭಾಗವನ್ನು ಮಾಡಿ, ಅದು ಹೋದಾಗ ಸಿಗದಂತೆ ಮಾಡುವುದನ್ನು ಮರೆವು ಎನ್ನಬೇಕೋ ವ್ಯಾಪಾರ ಎನ್ನಬೇಕೋ ಓದುಗರೇ ತೀರ್ಮಾನಿಸಲಿ.

ಅಂತೂ ಸವೆದ ಚಕ್ರವನ್ನು ಕಾಗದದಲ್ಲಿ ಸುತ್ತಿಕೊಂಡು ಚಿಕ್ಕಪೇಟೆ ಮೆಟ್ರೊ ನಿಲ್ದಾಣದಲ್ಲಿ ಇಳಿದು ಹೊರಟೆ. ಬೆಂಗಳೂರಿನ ಬಿಡಿಭಾಗಗಳ ಲೋಕವೆಲ್ಲ ಈ ಹಳೆಯ ಪೇಟೆಗಳಲ್ಲೇ ಇದೆ: ಎಸ್.ಪಿ. ರಸ್ತೆ, ನಗರ್ತಪೇಟೆ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆ, ಎಸ್.ಜೆ.ಪಿ. ರಸ್ತೆ. ಇಲ್ಲಿ ಬ್ರ್ಯಾಂಡಿನ ಹೆಸರು ಹೇಳಿದರೆ ಅಂಗಡಿಯವರು ಕಿವಿಗೊಡುವುದಿಲ್ಲ. ‘ಹಳೇದು ತಂದಿದ್ದೀರಾ?’ ಎಂಬುದೇ ಮೊದಲ ಪ್ರಶ್ನೆ. ಮೂರು ಅಂಗಡಿಗಳಲ್ಲಿ ಇಲ್ಲವೆನಿಸಿಕೊಂಡು ನಾಲ್ಕನೆಯದಕ್ಕೆ ಹೋದಾಗ, ಕೌಂಟರಿನ ಹಿಂದಿದ್ದ ಹಿರಿಯರು ಕನ್ನಡಕವನ್ನು ಹಣೆಗೇರಿಸಿ ಚಕ್ರವನ್ನು ಬೆಳಕಿಗೆ ಹಿಡಿದರು. ಹಲ್ಲುಗಳೆಷ್ಟು, ಮರೆ ಎಷ್ಟು ದಪ್ಪ, ಎತ್ತರವೆಷ್ಟು ಎಂಬುದನ್ನು ಅಳತೆಗೋಲಿಲ್ಲದೆ ಕಣ್ಣಲ್ಲೇ ಅಳೆದು, ಹಿಂದಿನ ಗೋಡೆಯ ನೂರಾರು ಡಬ್ಬಿಗಳಲ್ಲಿ ಒಂದನ್ನು ಎಳೆದರು. ‘ನಿಮ್ಮ ಕಂಪನಿಯದಲ್ಲ ಸ್ವಾಮಿ, ಆದರೆ ಕೂರುತ್ತೆ. ನಲವತ್ತು ರೂಪಾಯಿ. ಕೂರದಿದ್ದರೆ ವಾಪಸು ತನ್ನಿ’ ಎಂದರು. ಕೂತಿತು.

ಇದು ನನ್ನ ಜಾಣತನದ ಕಥೆಯಲ್ಲ. ನಲವತ್ತು ರೂಪಾಯಿಯ ವಸ್ತುವಿಗಾಗಿ ಎರಡು ಅರ್ಧ ದಿನಗಳನ್ನು ಕಳೆದಿದ್ದೆ. ಆಟೊ, ಮೆಟ್ರೊ ಸೇರಿ ವಸ್ತುವಿನ ನಾಲ್ಕು ಪಟ್ಟು ಖರ್ಚಾಗಿತ್ತು. ದಿನಗೂಲಿಯವರಿಗೆ ಈ ಲೆಕ್ಕಾಚಾರ ಸಾಧ್ಯವೇ ಇಲ್ಲ. ಒಂಟಿಯಾಗಿರುವ ವೃದ್ಧರಿಗೂ ಇಲ್ಲ. ಪಿಂಚಣಿಯಲ್ಲಿ ಬದುಕುವ ಅಮ್ಮ ಒಬ್ಬರೇ ಇದ್ದಿದ್ದರೆ ಆ ಐನೂರರ ಎಕ್ಸ್‌ಚೇಂಜ್‌ಗೆ ತಲೆಯಾಡಿಸಿ, ನಾಲ್ಕೈದು ಸಾವಿರ ಕೊಟ್ಟು, ಗಟ್ಟಿಮುಟ್ಟಾದ ಮೋಟರೊಂದನ್ನು ಗುಜರಿಗೆ ಕಳಿಸಿ ಬರುತ್ತಿದ್ದರು. ಬಿಡಿಭಾಗದ ನಿಜವಾದ ಬೆಲೆಯೆಂದರೆ ಅದನ್ನು ಹುಡುಕುವ ಬೆಲೆ. ಅದು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ಭಾರತದ ಮಿಕ್ಸಿ ಹುಟ್ಟಿದ್ದೇ ಬಿಡಿಭಾಗ ಸಿಗದ ಕಾರಣದಿಂದ ಎಂಬುದು ಇಲ್ಲಿ ನೆನೆಯಬೇಕಾದ ಸಂಗತಿ. 1960ರ ದಶಕದ ಮುಂಬೈಯಲ್ಲಿ ಮಾಥುರ್ ದಂಪತಿಯ ಮನೆಯಲ್ಲಿದ್ದ ಜರ್ಮನಿಯ ಮಿಕ್ಸಿ ಕೆಟ್ಟುನಿಂತಿತು. ನಮ್ಮ ಮಸಾಲೆ, ಬೇಳೆ, ಕೊಬ್ಬರಿಗಳ ಗಡಸುತನವನ್ನು ತಡೆಯುವ ಶಕ್ತಿ ಅದಕ್ಕಿರಲಿಲ್ಲ. ಅದನ್ನು ದುರಸ್ತಿ ಮಾಡಿಸುವ ದಾರಿಯೂ ಇಲ್ಲಿರಲಿಲ್ಲ. ಎಂಜಿನಿಯರ್ ಆಗಿದ್ದ ಸತ್ಯಪ್ರಕಾಶ್ ಮಾಥುರ್ ಅದಕ್ಕಿಂತ ಬಲವಾದ ಮೋಟರುಳ್ಳ ಯಂತ್ರವನ್ನು ತಾವೇ ರೂಪಿಸಿದರು. ಅದೇ ಸುಮೀತ್. ಒಂದು ತಲೆಮಾರಿನ ಭಾರತೀಯ ಗೃಹಿಣಿಯರಿಗೆ ಮಿಕ್ಸಿಗೆ ಪರ್ಯಾಯ ಪದವೇ ಆಗಿಬಿಟ್ಟ ಹೆಸರು. ಅಂದು ವಿದೇಶಿ ಯಂತ್ರದ ಮುಂದೆ ನಾವಿದ್ದ ಸ್ಥಿತಿಯಲ್ಲೇ ಇಂದು ಸ್ವದೇಶಿ ಯಂತ್ರದ ಮುಂದೆಯೂ ನಿಂತಿದ್ದೇವೆ.

ಹಿಂದೆಲ್ಲ ವಸ್ತುವಿನ ಜೊತೆಗೇ ಅದನ್ನು ಸರಿಪಡಿಸುವವರೂ ಬರುತ್ತಿದ್ದರು. ಒರಳುಕಲ್ಲು ನುಣುಪಾದರೆ ಉಳಿಯಿಂದ ಮತ್ತೆ ಒರಟು ಮಾಡಿಕೊಡುವವರು, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು, ಕೊಡೆ ರಿಪೇರಿಯವರು, ಪಂಪ್ ಸ್ಟೌವಿಗೆ ವಾಷರ್ ಹಾಕುವವರು ಬೀದಿಯಲ್ಲಿ ಕೂಗಿಕೊಂಡೇ ಹೋಗುತ್ತಿದ್ದರು. ಆ ಕಾಲವೇ ಚೆನ್ನಾಗಿತ್ತೆಂದು ನಿಟ್ಟುಸಿರು ಬಿಡುವ ಜಾತಿಯವನು ನಾನಲ್ಲ. ಒರಳುಕಲ್ಲಿನ ಮುಂದೆ ಕುಳಿತು ಬೆನ್ನು ಮುರಿದುಕೊಂಡವರಾರೂ ಹಾಗೆ ನಿಟ್ಟುಸಿರು ಬಿಡುವುದಿಲ್ಲ. ಆದರೆ ಆಗ ವಾಷರ್ ಎಂದರೆ ವಾಷರ್, ಬತ್ತಿ ಎಂದರೆ ಬತ್ತಿ. ಇಂದು ಹಾಗಲ್ಲ. ಅನೇಕ ಬ್ರ್ಯಾಂಡುಗಳು ಸಣ್ಣ ಉಪಕರಣಗಳನ್ನು ತಾವೇ ತಯಾರಿಸುವುದಿಲ್ಲ. ಬೇರೆ ಕಾರ್ಖಾನೆಗಳಿಂದ ಮಾಡಿಸಿ ತಮ್ಮ ಹೆಸರು ಅಂಟಿಸುತ್ತವೆ. ಒಂದೇ ಕಾರ್ಖಾನೆಯ ಒಂದೇ ಅಚ್ಚಿನ ಸರಕು ಮೂರು ಹೆಸರಿನಲ್ಲಿ ಮಾರಾಟವಾಗುವುದುಂಟು, ಒಂದೇ ಹೆಸರಿನ ಎರಡು ಮಾಡೆಲ್‌ಗಳು ಎರಡು ಕಾರ್ಖಾನೆಗಳಿಂದ ಬರುವುದೂ ಉಂಟು. ಗುತ್ತಿಗೆ ಬದಲಾದರೆ ಅಚ್ಚು ಬದಲಾಗುತ್ತದೆ, ಹಳೆಯ ಭಾಗ ಅನಾಥವಾಗುತ್ತದೆ. ಪೇಟೆಯ ಆ ಹಿರಿಯರ ತಲೆಯಲ್ಲಿರುವ ವಿದ್ಯೆ ಇದೇ: ಯಾವ ಹೆಸರಿನೊಳಗೆ ಯಾವ ಅಚ್ಚಿದೆ ಎಂಬುದು. ಆ ವಿದ್ಯೆ ಯಾವ ಪುಸ್ತಕದಲ್ಲೂ ಇಲ್ಲ.

ಇನ್ನು ಬಿಚ್ಚಲಾಗದಂತೆಯೇ ಮಾಡಿರುವ ವಸ್ತುಗಳ ಪಾಡು ಬೇರೆ. ವಿದ್ಯುತ್ ಕೆಟಲ್ ಒಂದು ದಿನ ಸುಮ್ಮನಾಗುತ್ತದೆ. ಹಲವು ವೇಳೆ ಅದರೊಳಗೆ ಹೋಗಿರುವುದು ಅತಿಯಾದ ಶಾಖಕ್ಕೆ ಕಡಿದುಕೊಳ್ಳುವ, ಕಡಲೆಬೀಜದಷ್ಟು ದೊಡ್ಡದೂ ಅಲ್ಲದ ಒಂದು ಥರ್ಮಲ್ ಫ್ಯೂಸ್. ಆದರೆ ಅದನ್ನು ತಲುಪಬೇಕಾದರೆ ಅಂಟು ಹಾಕಿ ಮುಚ್ಚಿದ ತಳವನ್ನು ಒಡೆಯಬೇಕು. ಇಸ್ತ್ರಿಪೆಟ್ಟಿಗೆಯಲ್ಲೂ ಹಾಗೆಯೇ. ಹಳೆಯ ಭಾರದ ಪೆಟ್ಟಿಗೆಗಳಲ್ಲಿ ಎಲಿಮೆಂಟನ್ನು ಹೊರತೆಗೆದು ಹೊಸದು ಹಾಕಬಹುದಿತ್ತು. ಈಗಿನ ಹಗುರವಾದವುಗಳಲ್ಲಿ ಎಲಿಮೆಂಟನ್ನು ತಳದ ಲೋಹದಲ್ಲೇ ಎರಕ ಹೊಯ್ದಿರುತ್ತಾರೆ. ಎಲಿಮೆಂಟ್ ಹೋದರೆ ಪೆಟ್ಟಿಗೆಯೇ ಹೋದಂತೆ.

ಫ್ಯಾನಿನ ವಿಷಯ ಇನ್ನೂ ಇಕ್ಕಟ್ಟಿನದು. ಹಳೆಯ ಸೀಲಿಂಗ್ ಫ್ಯಾನ್ ನಿಧಾನವಾದರೆ ಬೀದಿಯ ಎಲೆಕ್ಟ್ರಿಷಿಯನ್ ‘ಕಂಡೆನ್ಸರ್ ಹೋಗಿದೆ’ ಎನ್ನುತ್ತಾನೆ. ಎರಡೂವರೆ ಮೈಕ್ರೊಫ್ಯಾರಡ್‌ನ ಆ ಪುಟ್ಟ ಡಬ್ಬಿ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ಯಾವ ಕಂಪನಿಯ ಫ್ಯಾನಿಗಾದರೂ ಹೊಂದುತ್ತದೆ, ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೂ ನಕ್ಷತ್ರದ ಚೀಟಿ ಕಡ್ಡಾಯವಾಗಿದೆ, ಬಿ.ಎಲ್.ಡಿ.ಸಿ. ಎಂಬ ಹೊಸ ಬಗೆಯ ಫ್ಯಾನುಗಳು ಮನೆಮನೆಗೆ ಬಂದಿವೆ. ಹಳೆಯದು 75 ವಾಟ್ ನುಂಗುತ್ತಿದ್ದಲ್ಲಿ ಇವು ಮೂವತ್ತರ ಆಸುಪಾಸಿನಲ್ಲಿ ತಿರುಗುತ್ತವೆ. ನಾನೂ ಹಾಕಿಸಿದ್ದೇನೆ, ವಿದ್ಯುತ್ ಬಿಲ್ ಇಳಿದಿದೆ. ಆದರೆ ಇವುಗಳ ಹೊಟ್ಟೆಯಲ್ಲಿ ಕಂಡೆನ್ಸರಿನ ಬದಲು ಒಂದು ಎಲೆಕ್ಟ್ರಾನಿಕ್ ಬೋರ್ಡ್ ಇದೆ. ಅದರಲ್ಲಿ ಒಂದು ಬಿಡಿಭಾಗ ಕೆಟ್ಟರೂ ಬೋರ್ಡನ್ನೇ ಬದಲಿಸಬೇಕು. ಒಂದು ಕಂಪನಿಯ ಬೋರ್ಡ್ ಇನ್ನೊಂದಕ್ಕೆ ಕೂರುವುದಿಲ್ಲ. ವಿದ್ಯುತ್ ಉಳಿಸುವ ಫ್ಯಾನ್ ಐದನೆಯ ವರ್ಷಕ್ಕೆ ಗುಜರಿ ಸೇರುವಂತಾದರೆ ಉಳಿದದ್ದೆಷ್ಟು, ಕಳೆದದ್ದೆಷ್ಟು? ನಕ್ಷತ್ರದ ಚೀಟಿಯಲ್ಲಿ ಈ ಲೆಕ್ಕಕ್ಕೆ ಜಾಗವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಅಗ್ಗದ ಬಿಡಿಭಾಗಗಳ ಪರ ವಕಾಲತ್ತು ಮುಗಿಯಿತೆಂದು ಭಾವಿಸಬಾರದು. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಕುಕ್ಕರಿಗೆ ಹೊಸ ಸೇಫ್ಟಿ ವಾಲ್ವ್ ಬೇಕಾಗಿತ್ತು. ರಸ್ತೆಬದಿಯ ಗಾಡಿಯಲ್ಲಿ ಗ್ಯಾಸ್ಕೆಟ್, ವೆಯ್ಟ್, ಹಿಡಿಕೆಗಳ ರಾಶಿಯ ನಡುವೆ ಅದೂ ಇತ್ತು. ಹದಿನೈದು ರೂಪಾಯಿ ಕೊಟ್ಟು ತಂದು ಹಾಕಿದೆ. ತಿಂಗಳೆರಡು ಕಳೆದ ಮೇಲೆ ಬೇಳೆ ಬೇಯಲು ಇಟ್ಟು ಎಲ್ಲರೂ ಮರೆತೆವು. ಸುಟ್ಟ ವಾಸನೆಗೆ ಓಡಿಬಂದು ಒಲೆ ಆರಿಸಿ, ತಣ್ಣಗಾದ ಮೇಲೆ ಮುಚ್ಚಳ ತೆಗೆದರೆ ನೀರೆಲ್ಲ ಆವಿಯಾಗಿ, ಬೇಳೆ ಇದ್ದಿಲಾಗಿ, ಗ್ಯಾಸ್ಕೆಟ್ ಕರಕಲಾಗಿತ್ತು. ಸೇಫ್ಟಿ ವಾಲ್ವ್ ಮಾತ್ರ ಇಟ್ಟಂತೆ ಇತ್ತು. ಅಂಥ ವಾಲ್ವಿನ ನಡುವೆ ಕಡಿಮೆ ಶಾಖಕ್ಕೇ ಕರಗುವ ಮಿಶ್ರಲೋಹವಿರಬೇಕು. ನೀರು ಬತ್ತಿ ಶಾಖ ಏರಿದಾಗ ಅಥವಾ ವೆಯ್ಟಿನ ರಂಧ್ರ ಕಟ್ಟಿಕೊಂಡು ಒತ್ತಡ ಏರಿದಾಗ ಅದು ದಾರಿ ಬಿಡಬೇಕು. ನಮ್ಮದರಲ್ಲಿ ಕರಗಬೇಕಾದದ್ದು ಕರಗಿರಲಿಲ್ಲ. ಅಂದು ರಂಧ್ರ ಶುಭ್ರವಾಗಿದ್ದುದರಿಂದ ಅಡುಗೆಮನೆ ಉಳಿಯಿತು. ಬೇಳೆಯ ಸಿಪ್ಪೆಯೊಂದು ಅಲ್ಲಿ ಸಿಕ್ಕಿಕೊಂಡಿದ್ದರೆ ಈ ಲೇಖನದ ದನಿಯೇ ಬೇರೆ ಇರುತ್ತಿತ್ತು.

ಅಂದಿನಿಂದ ನಾನೊಂದು ಗೆರೆ ಎಳೆದುಕೊಂಡಿದ್ದೇನೆ. ಕಪ್ಲರ್, ಮೋಟರಿನ ಕಾರ್ಬನ್, ಜಾರಿನ ಬುಷ್, ಗುಂಡಿ, ಹಿಡಿಕೆ, ಇವು ಯಾವ ಗಾಡಿಯಲ್ಲಿ ಸಿಕ್ಕರೂ ಸರಿ. ಕೆಟ್ಟದ್ದಾದರೆ ಮತ್ತೆ ಕೆಡುತ್ತವೆ, ಅಷ್ಟೆ. ಒತ್ತಡ, ಬೆಂಕಿ, ವಿದ್ಯುತ್ ಆಘಾತಗಳಿಗೆ ಅಡ್ಡ ನಿಲ್ಲಬೇಕಾದ ಭಾಗಗಳು ಮಾತ್ರ ಅಸಲಿಯೇ ಆಗಬೇಕು. 2021ರ ಫೆಬ್ರುವರಿಯಿಂದ ದೇಶದಲ್ಲಿ ಮಾರುವ ಮನೆಬಳಕೆಯ ಪ್ರೆಷರ್ ಕುಕ್ಕರುಗಳಿಗೆ ಐ.ಎಸ್.ಐ. ಮುದ್ರೆ ಕಡ್ಡಾಯವಾಗಿದೆ. ಆ ಮುದ್ರೆಯ ಕುಕ್ಕರಿಗೆ ಗಾಡಿಯ ವಾಲ್ವ್ ಹಾಕಿದ ಕ್ಷಣದಲ್ಲೇ ಮುದ್ರೆ ಅರ್ಥ ಕಳೆದುಕೊಳ್ಳುತ್ತದೆ. ಆದರೆ ಜನ ಗಾಡಿಗೆ ಹೋಗುವುದು ಜಿಪುಣತನದಿಂದಷ್ಟೇ ಅಲ್ಲ. ಅಸಲಿ ವಾಲ್ವ್ ಹತ್ತಿರದಲ್ಲಿ, ನ್ಯಾಯವಾದ ಬೆಲೆಗೆ ಸಿಗುವುದಿಲ್ಲ. ಗಾಡಿ ಮನೆಯ ಬಾಗಿಲಿಗೇ ಬರುತ್ತದೆ. ಅಸಲಿಯನ್ನು ದುರ್ಲಭ ಮಾಡಿದವರಿಗೆ ನಕಲಿಯ ಬಗ್ಗೆ ಎಚ್ಚರಿಕೆಯ ಜಾಹೀರಾತು ಕೊಡುವ ನೈತಿಕ ಹಕ್ಕು ಎಷ್ಟಿದೆ?

ಸರ್ಕಾರ ಸುಮ್ಮನೆ ಕುಳಿತಿದೆ ಎನ್ನಲಾಗದು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ‘ದುರಸ್ತಿಯ ಹಕ್ಕಿ’ನ ಬಗ್ಗೆ ಸಮಿತಿ ರಚಿಸಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹಬಳಕೆಯ ವಸ್ತುಗಳು, ವಾಹನಗಳು ಎಂಬ ನಾಲ್ಕು ಕ್ಷೇತ್ರಗಳನ್ನು ಗುರುತಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ಪೋರ್ಟಲ್ಲನ್ನೂ ತೆರೆಯಿತು. ಮುಂದೆ ದುರಸ್ತಿ ಸೂಚ್ಯಂಕದ ಚೌಕಟ್ಟನ್ನು ರೂಪಿಸಲು 2024ರಲ್ಲಿ ಇನ್ನೊಂದು ಸಮಿತಿ ನೇಮಕವಾಗಿ, 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ವಸ್ತುವನ್ನು ಬಿಚ್ಚುವುದು ಎಷ್ಟು ಸುಲಭ, ಬಿಡಿಭಾಗಗಳು ಸಕಾಲದಲ್ಲಿ ಸಿಗುತ್ತವೆಯೇ ಮುಂತಾದ ಅಂಶಗಳಿಗೆ ಅಂಕ ನೀಡುವ ಯೋಜನೆ ಅದು. ಆದರೆ ಅದರ ದೃಷ್ಟಿ ಮೊದಲಿಗೆ ನೆಟ್ಟಿರುವುದು ಮೊಬೈಲ್ ಮತ್ತು ಟ್ಯಾಬ್ಲೆಟ್‌ಗಳ ಮೇಲೆ. ಮಿಕ್ಸಿ, ಕುಕ್ಕರ್, ಇಸ್ತ್ರಿಪೆಟ್ಟಿಗೆಗಳ ಬಿಡಿಭಾಗಗಳನ್ನು ಇಂತಿಷ್ಟು ವರ್ಷ ಒದಗಿಸಲೇಬೇಕೆಂಬ ಕಾನೂನು ನಮ್ಮಲ್ಲಿಲ್ಲ. ಪೋರ್ಟಲ್ಲಿನಲ್ಲಿ ಕಂಪನಿಗಳ ಸೇವಾಕೇಂದ್ರದ ಕೊಂಡಿಗಳು ಸಿಗುತ್ತವೆ. ನಾನಾದರೋ ಸೇವಾಕೇಂದ್ರದಿಂದಲೇ ಹೊರಬಿದ್ದವನು.

ಯುರೋಪನ್ನು ಮಾದರಿಯಾಗಿ ತೋರಿಸುವುದು ವಾಡಿಕೆ. ಅಲ್ಲಿ 2021ರ ಮಾರ್ಚ್‌ನಿಂದ ಫ್ರಿಜ್‌ಗಳ ಮುಖ್ಯ ಬಿಡಿಭಾಗಗಳನ್ನು ಏಳು ವರ್ಷ, ವಾಷಿಂಗ್ ಮಷೀನುಗಳದ್ದನ್ನು ಹತ್ತು ವರ್ಷ ಒದಗಿಸಬೇಕೆಂಬ ನಿಯಮವಿದೆ. ಅದೇ ವರ್ಷದ ಆರಂಭದಲ್ಲಿ ಫ್ರಾನ್ಸ್‌ನಲ್ಲಿ ಫೋನು, ಲ್ಯಾಪ್‌ಟಾಪ್, ಟಿ.ವಿ. ಮುಂತಾದವುಗಳ ಮೇಲೆ ಹತ್ತಕ್ಕೆ ಎಷ್ಟೆಂಬ ದುರಸ್ತಿ ಅಂಕವನ್ನು ಮುದ್ರಿಸಲು ಆರಂಭಿಸಿದರು. ಆದರೆ ಅಲ್ಲಿಯೂ ಈ ನಿಯಮಗಳು ಶುರುವಾದದ್ದು ದೊಡ್ಡ ಯಂತ್ರಗಳಿಂದ. ಟೋಸ್ಟರು, ಬ್ಲೆಂಡರುಗಳು ಆ ಪಟ್ಟಿಯಲ್ಲಿರಲಿಲ್ಲ. ಸಣ್ಣ ವಸ್ತುವಿಗಾಗಿ ಯಾರೂ ಹೋರಾಡುವುದಿಲ್ಲ ಎಂಬುದೇ ಅದರ ದುರ್ದೈವ. ಕಾರಿನ ಬಿಡಿಭಾಗಗಳನ್ನು ಮುಕ್ತ ಮಾರುಕಟ್ಟೆಗೆ ಬಿಡದ ಕಾರಣಕ್ಕೆ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಮಿಕ್ಕಿ ದಂಡ ವಿಧಿಸಿತ್ತು. ಕಾರಿನವನಿಗೆ ದೂರು ಕೊಡುವಷ್ಟು ನಷ್ಟವಾಗಿರುತ್ತದೆ. ಗ್ರಾಹಕ ಆಯೋಗದಲ್ಲಿ ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, ನಿಜ. 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದೆಂಬುದೂ ನಿಜ. ನಲವತ್ತು ರೂಪಾಯಿಯ ಕಪ್ಲರಿಗಾಗಿ ವಕಾಲತ್ತು ಹಾಕುವವರಾರು?

ಇ-ತ್ಯಾಜ್ಯದ ಹೊಸ ನಿಯಮಗಳು 2023ರ ಏಪ್ರಿಲ್‌ನಿಂದ ಜಾರಿಗೆ ಬಂದಿವೆ. ಗ್ರೈಂಡರ್, ಇಸ್ತ್ರಿಪೆಟ್ಟಿಗೆ, ಟೋಸ್ಟರುಗಳೂ ಈಗ ಅದರ ವ್ಯಾಪ್ತಿಯಲ್ಲಿವೆ. ತಯಾರಕರು ನಿಗದಿತ ಪ್ರಮಾಣದ ತ್ಯಾಜ್ಯವನ್ನು ಮರುಬಳಕೆಗೆ ಒಳಪಡಿಸಿ ಪ್ರಮಾಣಪತ್ರ ಪಡೆಯಬೇಕು. ನೋಂದಾಯಿತ ನವೀಕರಣಕಾರರಿಗೂ ಒಂದು ಬಗೆಯ ಪ್ರಮಾಣಪತ್ರದ ವ್ಯವಸ್ಥೆಯಿದೆ. ಆದರೆ ಬೀದಿ ಮೂಲೆಯಲ್ಲಿ ಕುಳಿತು ಮಿಕ್ಸಿಯ ಆಯುಷ್ಯವನ್ನು ಇನ್ನೈದು ವರ್ಷ ಬೆಳೆಸುವವನು ಈ ಲೆಕ್ಕದ ಯಾವ ಕಲಮಿನಲ್ಲೂ ಬರುವುದಿಲ್ಲ.

ಬೇಕಾಗಿರುವುದು ದೊಡ್ಡ ಕ್ರಾಂತಿಯೇನಲ್ಲ. ಬಲ್ಬು ಕೊಳ್ಳುವಾಗ ನಿಮ್ಮ ಮನೆಯ ಹೋಲ್ಡರ್ ಯಾವ ಕಂಪನಿಯದೆಂದು ಅಂಗಡಿಯವನು ಕೇಳುವುದಿಲ್ಲ. ಪ್ಲಗ್ಗಿನ ಪಿನ್ನುಗಳು ಎಲ್ಲ ಸಾಕೆಟ್ಟಿಗೂ ಕೂರುತ್ತವೆ. ಯಾರೋ ಒಂದು ಕಾಲದಲ್ಲಿ ಕುಳಿತು ಅಳತೆ ನಿಗದಿ ಮಾಡಿದರು, ಅದು ಮಾನಕವಾಯಿತು. ಯುರೋಪಿನ ಒಕ್ಕೂಟ 2024ರ ಡಿಸೆಂಬರಿನಿಂದ ಹೊಸ ಮೊಬೈಲುಗಳಿಗೆಲ್ಲ ಒಂದೇ ಬಗೆಯ ಚಾರ್ಜರ್ ಕಿಂಡಿಯನ್ನು ಕಡ್ಡಾಯ ಮಾಡಿದಾಗ ಆಕಾಶ ಕಳಚಿ ಬೀಳಲಿಲ್ಲ. ಮಿಕ್ಸಿಯ ಕಪ್ಲರಿಗೆ ಎರಡೋ ಮೂರೋ ಅಳತೆಗಳನ್ನು ಗೊತ್ತುಮಾಡಲು ಭಾರತೀಯ ಮಾನಕ ಬ್ಯೂರೊಗೆ ಕಷ್ಟವಾಗಬಾರದು. ಅದೂ ಆಗದಿದ್ದರೆ, ಸವೆಯುವ ಭಾಗಗಳ ಅಳತೆ ಮತ್ತು ಬೆಲೆಯನ್ನು ಖರೀದಿಯ ದಿನವೇ ಪೆಟ್ಟಿಗೆಯ ಮೇಲೆ ಮುದ್ರಿಸಲಿ. ಐದು ವರ್ಷದ ಖಾತರಿಯನ್ನು ಮುದ್ರಿಸುವ ಜಾಗದ ಪಕ್ಕದಲ್ಲೇ ಸಾಕು.

ನಮ್ಮ ಕೈಯಲ್ಲಿರುವುದೂ ಕೊಂಚ ಇದೆ. ಮಿಕ್ಸಿ ಪೂರ್ತಿ ನಿಂತುಹೋದರೆ ಮೊದಲು ಅದನ್ನು ಮಗುಚಿ ನೋಡಬೇಕು. ಬಹುಪಾಲು ಮಿಕ್ಸಿಗಳ ತಳದಲ್ಲಿ ಕೆಂಪು ಗುಂಡಿಯೊಂದಿರುತ್ತದೆ. ಹೊರೆ ಹೆಚ್ಚಾದಾಗ ಅದು ಹೊರಕ್ಕೆ ಚಿಮ್ಮಿ ಮೋಟರನ್ನು ಕಾಪಾಡುತ್ತದೆ. ಸ್ವಲ್ಪ ಹೊತ್ತು ತಣಿಯಲು ಬಿಟ್ಟು ಒತ್ತಿದರೆ ಯಂತ್ರ ಮತ್ತೆ ಓಡುತ್ತದೆ. ಇದನ್ನು ತಿಳಿಯದೆ ಎಷ್ಟೋ ಜನ ಒಳ್ಳೆಯ ಮಿಕ್ಸಿಯನ್ನು ಹೊತ್ತುಕೊಂಡು ರಿಪೇರಿಗೆ ಹೋಗುತ್ತಾರೆ. 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮಾರ್ಟಿನ್ ಪೋಸ್ಟ್ಮಾ ಎಂಬ ಮಹಿಳೆ ಆರಂಭಿಸಿದ ‘ರಿಪೇರಿ ಕೆಫೆ’, ಅಂದರೆ ಕೆಟ್ಟ ವಸ್ತು ತಂದು ಬಲ್ಲವರ ಜೊತೆ ಕುಳಿತು ತಾವೇ ಸರಿಪಡಿಸಿಕೊಳ್ಳುವ ಕೂಟ, 2015ರಲ್ಲಿ ಬೆಂಗಳೂರಿಗೂ ಬಂತು.

ನಮ್ಮ ಬಡಾವಣೆಯಲ್ಲಿ ಒಬ್ಬ ರಿಪೇರಿಯವರಿದ್ದಾರೆ. ಆರಡಿ ಅಗಲದ ಅಂಗಡಿ. ಹಾರ್ಲಿಕ್ಸ್ ಬಾಟಲಿಗಳಲ್ಲಿ ಸ್ಕ್ರೂ, ಅಟ್ಟದ ಮೇಲೆ ಸತ್ತ ಮಿಕ್ಸಿಗಳ ಸಾಲು. ಒಂದರ ಸ್ವಿಚ್ಚು ಇನ್ನೊಂದಕ್ಕೆ, ಇನ್ನೊಂದರ ಆರ್ಮೇಚರ್ ಮತ್ತೊಂದಕ್ಕೆ. ‘ಇವು ಇರೋದರಿಂದ ಅಂಗಡಿ ನಡೀತಿದೆ ಸಾರ್. ಹೊಸ ಮಾಲು ಬಿಚ್ಚಿದರೆ ಏನೂ ಸಿಗಲ್ಲ’ ಎಂದರು. ಮಗನಿಗೆ ಈ ಕೆಲಸ ಬೇಡವಂತೆ. ಆನ್‌ಲೈನ್ ಸಾಮಾನು ತಲುಪಿಸುವ ಕೆಲಸಕ್ಕೆ ಸೇರಿದ್ದಾನೆ. ನಾನು ತಂದ ಕಪ್ಲರನ್ನು ನೋಡಿ, ಎಲ್ಲಿ ಸಿಕ್ಕಿತೆಂದು ಕೇಳಿ, ಅಂಗಡಿಯ ಗುರುತನ್ನು ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಂಡರು.

ಅಮ್ಮ ಭಾನುವಾರ ಚಟ್ನಿ ರುಬ್ಬಿದರು. ತಿಂಡಿಯಾದ ಮೇಲೆ, ‘ಆ ಅಂಗಡಿಯವರ ಹತ್ತಿರ ಇನ್ನೆರಡು ಇದ್ದರೆ ತಂದಿಟ್ಟುಬಿಡೋ, ಆಮೇಲೆ ಅವರೂ ಮುಚ್ಚಿಬಿಟ್ಟರೆ ಕಷ್ಟ’ ಎಂದರು. ಮರುವಾರ ಹೋಗಿ ತಂದೆ. ಅವು ಈಗ ಅಡುಗೆಮನೆಯ ಕಪಾಟಿನಲ್ಲಿ, ಲವಂಗದ ಡಬ್ಬಿಯ ಪಕ್ಕದಲ್ಲಿ ಕುಳಿತಿವೆ.